ಹಾಸೆಲ್‌ಬ್ರುನ್ ದಾಟಿದ ಗೂಡ್ಸ್

ಬಾಲ ನೋಡಿದೆನಾ ನಾನು? — ಬಾಯಿಬಿಟ್ಟೇ ಕೇಳಿದ್ದೇನೆ, ಕೋಣೆಯಲ್ಲಿ ಯಾರೂ ಇಲ್ಲ, ಕೈಮರ ಎಳೆಯುವ ಹದಿನಾಲ್ಕು ಹಿಡಿಕೆಗಳು, ಟೆಲಿಫೋನು, ಆರಿದ ಕಾಫಿ, ಕಿಟಕಿಯ ಗಾಜು ಇನ್ನೂ ಸಣ್ಣಗೆ ನಡುಗುತ್ತಿದೆ, ಮರದ ದಿಮ್ಮಿ ಹೊತ್ತ ಗೂಡ್ಸ್ ಈಗಷ್ಟೇ ಹೋಗಿದೆ, ಹಸಿ ಮರದ ವಾಸನೆ ಒಳಕ್ಕೆ ಬಂದು ಕೂತಿದೆ, ಹೋಗಿದ್ದು ನಿಜ, ಪೂರ್ತಿ ಹೋಯಿತೇ ಎಂಬುದು ಬೇರೆ ಮಾತು, ಪೂರ್ತಿ ಹೋಯಿತು ಎನ್ನಲು ಕೊನೆಯ ಡಬ್ಬಿಯ ಬೆನ್ನಿಗೆ ಸಿಕ್ಕಿಸಿದ ಎರಡು ಕೆಂಪು-ಬಿಳಿ ತಗಡುಗಳನ್ನು ನಾನು ಕಣ್ಣಾರೆ ಕಾಣಬೇಕು, ಅದೇ ಬಾಲ, ಈ ಹಾಸೆಲ್‌ಬ್ರುನ್ ಸ್ಟೇಷನ್ನಿನಲ್ಲಿ ನನಗೆ ಸಂಬಳ ಕೊಡುವುದೇ ಬಾಲ ನೋಡುವುದಕ್ಕೆ — ಕಂಡರೆ ಹಿಂದಿನ ಹಳಿ ಖಾಲಿ, ಕಾಣದಿದ್ದರೆ ಯಾವುದೋ ಡಬ್ಬಿ ಕಳಚಿಕೊಂಡು ಕಾಡಿನ ತಿರುವಿನಲ್ಲಿ ನಿಂತಿರಬಹುದು, ಮುಂದಿನ ರೈಲು ಹೋಗಿ ಅದಕ್ಕೇ ಬಡಿಯಬಹುದು. ಕಿಟಕಿಯಲ್ಲೇ ನಿಂತಿದ್ದೆ, ನಿಯಮದಂತೆ, ತಲೆಗೆ ಟೊಪ್ಪಿಗೆ ಇತ್ತು, ಕಣ್ಣು ಮುಚ್ಚಿತ್ತು.

ನಿದ್ದೆಯಲ್ಲ, ಅಜ್ಜನ ಪದ್ಯ. ಅಜ್ಜ ಇದೇ ಕಿಟಕಿಯಲ್ಲಿ ಮೂವತ್ತೊಂದು ವರ್ಷ ನಿಂತವನು, ಅವನ ಕಾಲಕ್ಕೆ ಇಲ್ಲಿ ಎಂಟು ಜನ ಕೆಲಸಕ್ಕಿದ್ದರು, ತಂಗುವ ಕೋಣೆಗಳೇ ಎರಡು, ಬಿಯರ್ ಮಾರುವ ಹೆಂಗಸೊಬ್ಬಳು, ಸ್ಲೇಟುಕಲ್ಲು ತುಂಬುವ ಕಟ್ಟೆ — ಆ ಕಲ್ಲಿಗಾಗಿಯೇ 1874ರಲ್ಲಿ ಈ ಸ್ಟೇಷನ್ ಕಟ್ಟಿದ್ದು, ಊರಿಗಾಗಿಯಲ್ಲ, ಅದಕ್ಕೇ ಊರು ಎರಡು ಕಿಲೋಮೀಟರ್ ಆಚೆ, ಇಳಿದವರೆಲ್ಲ ಮೊದಲು ಬೈಯುವುದು ಅದನ್ನೇ — ಆಮೇಲೆ ಕಲ್ಲು ಮುಗಿಯಿತು, ಯುದ್ಧ ಬಂತು, ರಷ್ಯನ್ನರು ಎರಡನೆಯ ಹಳಿಯನ್ನು ಕಿತ್ತು ಗಾಡಿಗೆ ಹೇರಿ ಒಂದನೆಯ ಹಳಿಯ ಮೇಲೇ ಸಾಗಿಸಿದರು, ಉಳಿದ ಒಂದೇ ಹಳಿಯ ಮೇಲೆ ಇಂದಿಗೂ ರೈಲು ನಡೆಯುತ್ತಿದೆ, ತಂಗುವ ಕೋಣೆಗೆ ಬೀಗ, ಎಂಟು ಜನ ಇದ್ದಲ್ಲಿ ನಾನೊಬ್ಬಳು. ಊಟಕ್ಕೆ ಮುಂಚೆ ಅಜ್ಜ ಸ್ತೋತ್ರ ಹೇಳುತ್ತಿದ್ದ, ಪುಸ್ತಕವಿಲ್ಲದೆ, ಸೂಪು ಆರುತ್ತಿತ್ತು, ನಾನು ಕಾಲಾಡಿಸುತ್ತ ಕೇಳುತ್ತಿದ್ದೆ, ನನ್ನ ಹೆಜ್ಜೆಯ ಎಣಿಸುವವನೆ, ನನ್ನ ಎಣಿಕೆಗೆ ಸಿಗದವನೆ, ಅದು ಅವನೇ ಕಟ್ಟಿದ್ದು, ಪಾದ್ರಿಗೆ ಅಷ್ಟಾಗಿ ಹಿಡಿಸಿರಲಿಲ್ಲ, ಆದರೆ ಹಳಿಯ ಸಂದಿನ ಮೇಲೆ ಗಾಲಿ ಹಾಯುವಾಗ ಏಳುವುದು ಅದೇ ಲಯ, ಎರಡು ಡಬ್ಬಿಗೆ ಒಂದು ಪದ್ಯ, ಇಂದು ಇಪ್ಪತ್ತೆರಡು ಡಬ್ಬಿ, ಹನ್ನೊಂದು ಸಲ ಹೇಳಿದೆ, ಹನ್ನೊಂದು ಮುಗಿದ ಮೇಲೆ ಮೌನ ಬಂತು, ಮೌನಕ್ಕೆ ಕಣ್ಣು ಬಿಟ್ಟೆ, ಹಳಿ ಬರಿದಾಗಿತ್ತು. ಹನ್ನೊಂದೇ. ಅಥವಾ ಹತ್ತೇ.

ಫೋನು. ಎಗ್‌ಬರ್ಟ್, ಹಿಂದಿನ ಸ್ಟೇಷನ್ ಕ್ರೆನ್ಸ್‌ಡೋರ್ಫಿನವನು, ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಮೂವತ್ತು ಸಲ ಕೇಳುವ ಧ್ವನಿ — ಏನಮ್ಮ ರೋಸ್ವಿಟಾ, ಜಪ ಮುಗೀತಾ, ಗೂಡ್ಸ್ ಪೂರ್ತಿ ಬಂತು ಅಂತ ಹೇಳೇ ಇಲ್ಲ, ಪ್ಯಾಸೆಂಜರ್ ಇಲ್ಲಿ ಕಾಯ್ತಿದೆ, ಬಿಡ್ಲಾ? ಬಾಲ ನೋಡಿಲ್ಲ ಎಗ್‌ಬರ್ಟ್, ಎನ್ನುತ್ತೇನೆ. ಕಿಟಕೀಲಿ ಇರ್ಲಿಲ್ವಾ? ಇದ್ದೆ. ಮತ್ತೆ? ಕಣ್ಣು ಮುಚ್ಚಿದ್ದೆ. ಅವನು ನಗುತ್ತಾನೆ, ನಗು ಕೆಮ್ಮಾಗುತ್ತದೆ, ಅಯ್ಯೋ ದೇವ್ರೇ, ನಿನ್ ಭಕ್ತೇನ ನೀನೇ ನೋಡ್ಕೋಪ್ಪ. ಮುಂದಿನ ಸ್ಟೇಷನ್ ಐಶ್‌ಟೆಟ್‌ನವರು ಬಾಲ ನೋಡಿ ಹೇಳ್ಲಿ, ಹದಿನಾಲ್ಕು ನಿಮಿಷ ಅಷ್ಟೆ, ಎನ್ನುತ್ತೇನೆ. ಹದಿನಾಲ್ಕು ನಿಮಿಷಕ್ಕೆ ಇವರ ಕನೆಕ್ಷನ್ ಹೊರಟೋಗಿರುತ್ತೆ, ಮುಂದಿನ್ದು ಎರಡು ಗಂಟೆ ಬಿಟ್ಟು, ಮೂವತ್ತು ಜನ ಕಿಟಕಿಯಿಂದ ನನ್ ಮುಖಾನೇ ನೋಡ್ತಿದಾರೆ, ಅದಿರ್ಲಿ, ತಡ ಯಾಕಾಯ್ತು ಅಂತ ಪುಸ್ತಕದಲ್ಲಿ ಏನು ಬರೀತೀಯ? ಆಗಿದ್ದು ಬರೀತೀನಿ. ಬರಿ ತಾಯಿ ಬರಿ, ಇಂಥದ್ದೇ ತಪ್ಪು ಜನವರೀಲಿ ಒಂದು, ಈಸ್ಟರ್‌ಗೆ ಒಂದು, ಇದು ಮೂರನೇದು, ಮೂರಾದ್ರೆ ಕಿಟಕಿ ಬಿಡಿಸ್ತಾರೆ, ಆಮೇಲೆ ಯಾವ್ದೋ ದೊಡ್ಡ ಊರಲ್ಲಿ ಜನ ಮರೆತುಹೋದ ಕೊಡೆ ಕಾಯ್ತಾ ಕೂತಿರು.

ಕೊಡೆಗಳು, ಸಾಲುಸಾಲು, ಒಂದಕ್ಕೂ ಬಾಲವಿಲ್ಲ. ಕಿಟಕಿ ಹೋದರೆ ಏನು ಹೋಗುತ್ತದೆ — ಅಕ್ಟೋಬರಿನ ಈ ಬಿಸಿಲು, ಹಿಡಿಕೆ ಎಳೆದಾಗ ತೋಳಿಗೆ ಬರುವ ಭಾರ, ದೂರದಲ್ಲಿ ಕೈಮರ ಏಳುವುದು, ಬೇರೇನೂ ಗೊತ್ತಿಲ್ಲ ನನಗೆ. 1953ರ ಮಂಜಿನಲ್ಲಿ ಅಜ್ಜನಿಗೂ ಬಾಲ ಕಂಡಿರಲಿಲ್ಲ, ಕಿವಿಗೆ ಪೂರ್ತಿ ಕೇಳಿಸಿತು ಎಂದು ಪೂರ್ತಿ ಬಂತೆಂದೇ ಹೇಳಿದ್ದ, ಆಲೂಗಡ್ಡೆ ಸುಲಿಯುತ್ತ ನನಗೊಬ್ಬಳಿಗೇ ತಿಳಿಸಿದ್ದು, ಸಕ್ಕರೆ ಗೆಡ್ಡೆ ತುಂಬಿದ ಮೂರು ಡಬ್ಬಿ ತಿರುವಿನಲ್ಲೇ ನಿಂತಿದ್ದವು, ದಾರಿ ತಪ್ಪಿದ ಹಸುಗಳ ಹಾಗೆ, ಮಂಜೆಂದು ನಿಧಾನ ಬಂದ ಮುಂದಿನ ರೈಲಿನ ಚಾಲಕ ನಲವತ್ತು ಹೆಜ್ಜೆ ಈಚೆಗೆ ನಿಲ್ಲಿಸಿಕೊಂಡ, ಯಾರಿಗೂ ಏನೂ ಆಗಲಿಲ್ಲ, ಆದರೂ ಸಾಯುವವರೆಗೂ ಅಜ್ಜ ಅನ್ನುತ್ತಿದ್ದ, ನನ್ ಕಿವಿಗೆ ಪೂರ್ತಿ ಕೇಳ್ಸಿತ್ತು ಮಗಳೇ, ಪೂರ್ತಿ ಕೇಳ್ಸಿತ್ತು.

ನನಗೂ ಕೇಳಿಸಿದೆ. ಕೇಳ್ತಿದೀಯಾ, ಎಗ್‌ಬರ್ಟ್ ದನಿ ತಗ್ಗಿಸಿದ್ದಾನೆ, ನಿಮ್ಮಜ್ಜನ ಕಾಲ ಅಲ್ಲ ಇದು, ಈಗ ಗೂಡ್ಸ್ ತುಂಡಾದ್ರೆ ಬ್ರೇಕಿನ ಗಾಳಿ ಹೋಗಿ ಅದೇ ನಿಂತ್ಕೊಳ್ಳುತ್ತೆ, ನಿಂತಿಲ್ಲ ತಾನೆ, ನೋಡ್ದೆ ಅಂತ ಒಂದು ಮಾತು ಹೇಳು, ನಾನು ಬರ್ಕೋತೀನಿ, ನೀನು ಬರ್ಕೋ, ಯಾರಪ್ಪಂದೇನು ಹೋಗುತ್ತೆ? ಒಳ್ಳೆಯವನು, ನನ್ನನ್ನು ಉಳಿಸಲೆಂದೇ ಹೇಳುತ್ತಿದ್ದಾನೆ, ನೆನಪು ಮಾಡ್ಕೊಳ್ಳೇ, ಕಂಡಿರುತ್ತೆ, ಎಂದೂ ಅನ್ನುತ್ತಾನೆ, ನೆನಪು ಮಾಡಿಕೊಳ್ಳುತ್ತೇನೆ, ಕಣ್ಣು ಮುಚ್ಚುತ್ತೇನೆ, ಕಾಣುತ್ತದೆ — ದಿಮ್ಮಿಗಳ ದುಂಡು ತುದಿ, ಕೆಳಗೆ ಎರಡು ತಗಡು, ಕೆಂಪು, ಬಿಳಿ, ತುಸು ಅಲುಗುತ್ತ ದೂರವಾಗುತ್ತಿವೆ, ಬೇಕೆಂದಷ್ಟು ಸ್ಪಷ್ಟ, ಆದರೆ ಮೇಲೆ ಧೂಳಿಲ್ಲ, ದಾರಿಯ ಕೆಸರಿಲ್ಲ, ಎಡಗಡೆಯದರ ಮೂಲೆ ಮಡಚಿದೆ, ಅದು ನಿನ್ನೆಯ ಗೂಡ್ಸಿನದು, ಮೂಲೆ ಮಡಚದ್ದನ್ನು ನೆನೆಯುತ್ತೇನೆ, ಕೂಡಲೇ ಮಡಚದ್ದೂ ಬಂದು ನಿಲ್ಲುತ್ತದೆ, ಕೇಳಿದ ಹಾಗೆಲ್ಲ ಬರುತ್ತದೆ, ಎರಡು ತಗಡು, ಕೆಂಪು, ಬಿಳಿ, ಎರಡು ತಗಡು —

ರೋಸ್ವಿಟಾ, ಕೊನೇ ಸಲ ಕೇಳ್ತೀನಿ, ಪ್ಯಾಸೆಂಜರ್ ಬಿಡ್ಲಾ, ತಗೋತೀಯಾ?

ಇಲ್ಲ. ತಗೊಳ್ಳಲ್ಲ.