ಮ್ಯಾಗ್ನೆಟ್ ಅಂಟದ ಲೈಟರ್

೧

ಎಲ್ಲಿಂದ ಶುರು ಮಾಡುವುದು? ಲೈಟರಿನ ಕಥೆ ತಾನೇ, ಹೊತ್ತಿಸಿಯೇ ಶುರು ಮಾಡೋಣವೆಂದು ಮೊದಲ ಡ್ರಾಫ್ಟಿನಲ್ಲಿ ಒಂದು ಕಂದಕ ತೋಡಿದೆ. ಕತ್ತಲು, ಚಟ್ ಎಂಬ ಸದ್ದು, ಆ ಬೆಳಕಿನಲ್ಲಿ ಒಬ್ಬ ಸೈನಿಕನ ಮುಖ. ಓದುಗರೇ, ಚೆನ್ನಾಗಿಯೇ ಬಂದಿತ್ತು. ಆದರೆ ನಾನು ಹೇಳಹೊರಟ ಲೈಟರಿನಲ್ಲಿ ಕಿಡಿಗಲ್ಲೂ ಇಲ್ಲ, ಬತ್ತಿಯೂ ಇಲ್ಲ. ನಾನು ಕಂದಕ ನೋಡಿರುವುದು ಸಿನಿಮಾದಲ್ಲಿ, ಅದೂ ಇಂಟರ್‌ವಲ್ಲಿನ ತನಕ. ಆ ಪುಟವನ್ನು ಹರಿದು ಬಿಸಾಕಿದೆ. (ಮಾತಿಗೆ ಹಾಗೆಂದೆ. ಡಿಲೀಟ್ ಒತ್ತಿದೆ. ಹರಿಯುವ ಸುಖ ಈಗ ಯಾವ ಬರಹಗಾರನಿಗೂ ಉಳಿದಿಲ್ಲ.)

೧, ಮತ್ತೊಮ್ಮೆ

ಅಳಿಯನಿಂದ ಶುರು ಮಾಡೋಣ. ಮನೆಯಲ್ಲಿ ಅವನಿಗೆ ಅದೇ ಹೆಸರು, ನಮಗೂ ಸಾಕು. ಅವನದು ಕಟ್ಟುಹಲ್ಲು ಮಾಡುವ ಕೆಲಸ. ದಂತವೈದ್ಯರು ಕಳಿಸಿದ ಅಚ್ಚುಗಳು ಮಹಡಿಯ ಮೇಲಿನ ಅವನ ಕೋಣೆಗೆ ಬರುತ್ತವೆ. ಅವನು ಮೇಣ ಕರಗಿಸಿ, ಗುಲಾಬಿ ಬಣ್ಣದ ಒಸಡು ಕೂರಿಸಿ, ಒಂದೊಂದೇ ಹಲ್ಲು ನೆಟ್ಟು, ಯಾರದೋ ನಗುವನ್ನು ಪಾಲಿಶ್ ಮಾಡಿ ಕಳಿಸುತ್ತಾನೆ. ಕೋಣೆಯ ಒಂದು ಕಪಾಟಿನ ತುಂಬ ಹಲ್ಲುಗಳು. ಎದುರಿನ ಕಪಾಟಿನ ತುಂಬ ಸೈನ್ಯದ ಹಳೆಯ ಸಿಗರೇಟ್ ಲೈಟರುಗಳು. ಅವನು ಸಿಗರೇಟು ಸೇದುವವನಲ್ಲ. ಪಕ್ಕದವರು ಹಚ್ಚಿದರೂ ಸೀನುತ್ತಾನೆ.

“ಮತ್ತೆ ಯಾಕ್ರೀ ಇವೆಲ್ಲ?” ಎಂದು ಕೇಳಿದವರನ್ನು ಅವನು ಕೂರಿಸಿಕೊಂಡು ಬಿಡುತ್ತಾನೆ. ಆಮೇಲೆ ಅವರು ಏಳುವುದು ಕಷ್ಟ. ತಳದ ಮುದ್ರೆ, ಕೀಲಿನ ಪಿನ್ನು, ಒಳಗಿನ ಹತ್ತಿ, ಒಂದೊಂದಕ್ಕೂ ಅವನಲ್ಲಿ ಪುರಾಣವಿದೆ. ನಮಗೆ ಬೇಕಾದ್ದು ಒಂದೇ. ಯುದ್ಧ ಶುರುವಾದ ಮೇಲೆಯೇ ಇವುಗಳ ಕಾರ್ಖಾನೆ ಸೈನ್ಯಕ್ಕೆ ಲೈಟರ್ ಮಾಡತೊಡಗಿದ್ದು. ಹಿತ್ತಾಳೆಯೆಲ್ಲ ತೋಟಾಗಳಿಗೆ ಹೋಗುತ್ತಿತ್ತು, ಲೈಟರಿಗೆ ಉಳಿದದ್ದು ಕಳಪೆ ಕಬ್ಬಿಣ. ತುಕ್ಕು ಹಿಡಿಯಬಾರದೆಂದು ಅದಕ್ಕೆ ಕಪ್ಪು ಬಣ್ಣ ಹಚ್ಚಿ ಸುಡುತ್ತಿದ್ದರು. ಯುದ್ಧ ಮುಗಿದ ಮೇಲೆ ಹಿತ್ತಾಳೆ ಮರಳಿ ಬಂತು. ಆದ್ದರಿಂದ ಅಳಿಯ ಯಾವ ಲೈಟರ್ ಕೈಗೆ ಬಂದರೂ ಮೊದಲು ಜೇಬಿನ ಮ್ಯಾಗ್ನೆಟ್ ತೆಗೆಯುತ್ತಾನೆ. ಅಂಟಿತೋ, ಯುದ್ಧಕಾಲದ್ದು. ಅಂಟಲಿಲ್ಲವೋ, ಆಮೇಲಿನದ್ದು.

(ಇದನ್ನು ನೆನಪಿಟ್ಟುಕೊಳ್ಳಿ. ಜಾಣ ಕಥೆಗಾರರು ಇಂಥದ್ದನ್ನು ಮರೆಮಾಚಿ ಕೊನೆಗೆ ತೆಗೆಯುತ್ತಾರೆ. ನನಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.)

೨

ಲೈಬ್ರರಿಯ ಹಾಲಿನಲ್ಲಿ ಹವ್ಯಾಸಿಗಳ ಪ್ರದರ್ಶನ. ನಾಣ್ಯದವರು, ಹಳೆ ರೇಡಿಯೋದವರು, ಕೋಟಿನ ಗುಂಡಿ ಕೂಡಿಡುವವರು. ಇವರ ನಡುವೆ ಅಳಿಯನಿಗೂ ಒಂದು ಮೇಜು. ಭಾನುವಾರ ಬೆಳಿಗ್ಗೆ ಅವನು ಊಟದ ಮೇಜಿನ ಮೇಲೆ ಲೈಟರುಗಳನ್ನು ಹರವಿಕೊಂಡು, ಒಂದೊಂದಕ್ಕೂ ಚೀಟಿ ಬರೆಯುತ್ತಿದ್ದಾಗ ಮಾವ ಬಂದರು. ಜೇಬಿನಿಂದ ಕಪ್ಪು ಲೈಟರೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಮಗ್ಗುಲಲ್ಲಿ ಯಾರೋ ಮೊಳೆಯಿಂದ ಸೊಳ್ಳೆಯ ಚಿತ್ರ ಗೀಚಿದ್ದರು.

“ಇದನ್ನೂ ಇಡಿ.”

“ಮಾವ! ಇದು ನಿಮ್ಮ ಹತ್ರ ಇತ್ತಾ? ನಾನು ಊರೆಲ್ಲ ಜಾಲಾಡ್ತಿದ್ರೆ ನೀವು ಸುಮ್ನೆ ನೋಡ್ತಾ ಕೂತಿದ್ರಾ?”

“ಚೀಟೀಲಿ ನಾನು ಹೇಳಿದ ಹಾಗೇ ಬರೀಬೇಕು.”

“ಹೇಳಿ, ಹೇಳಿ.”

“ಇದರ ಯಜಮಾನ ಸತ್ತಿದ್ದು ನನ್ನಿಂದ. ಕೆಳಗೆ ನನ್ನ ಹೆಸರು. ಅಷ್ಟೇ.”

ಅಳಿಯನ ಪೆನ್ನು ಅಲ್ಲೇ ನಿಂತಿತು.

೩

ಮಾವ ಯುದ್ಧದಲ್ಲಿ ಲಾರಿ ಓಡಿಸಿದವರು. ಅಷ್ಟು ಮಾತ್ರ ಮನೆಯವರಿಗೆಲ್ಲ ಗೊತ್ತಿತ್ತು. ಆಮೇಲೆ ಅವರು ಬಸ್ ಡಿಪೋದಲ್ಲಿ ಕೀ ಕೊಡುವ ಕಿಟಕಿಯ ಹಿಂದೆ ಕೂತರು. ಬೆನ್ನ ಹಿಂದಿನ ಗೋಡೆಯ ತುಂಬ ಕೊಕ್ಕೆ, ಕೊಕ್ಕೆಗೊಂದು ಕೀ. ನಿವೃತ್ತಿಯ ತನಕ ಊರಿನ ಚಾಲಕರಿಗೆಲ್ಲ ಕೀ ಕೊಟ್ಟರು. ತಾವು ಮಾತ್ರ ಸ್ಟೀರಿಂಗ್ ಮುಟ್ಟಲಿಲ್ಲ. ಮಗಳ ಕಾರಿನಲ್ಲೂ ಹಿಂದಿನ ಸೀಟಿನಲ್ಲಿ, ಕಣ್ಣು ಮುಚ್ಚಿಕೊಂಡು ಕೂರುತ್ತಾರೆ. ಅದು ಏಕೆಂದು ಯಾರೂ ಕೇಳಿರಲಿಲ್ಲ. ಮಾವನ ಮುಖ ನೋಡಿದರೆ ಕೇಳುವ ಧೈರ್ಯ ಬರುತ್ತಿರಲಿಲ್ಲ.

ಆ ಭಾನುವಾರ ತಾವಾಗಿಯೇ ಹೇಳಿದರು. ಲಾರಿಯಲ್ಲಿ ಇವರ ಜೊತೆಗಾರನೊಬ್ಬನಿದ್ದ. ಮೈಯಲ್ಲಿ ಮಾಂಸವೇ ಇಲ್ಲದ ಆಳು, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಇವರು ಅವನನ್ನು ಸೊಳ್ಳೆ ಎನ್ನುತ್ತಿದ್ದರು, ಅವನು ಇವರನ್ನು ಕೋಣ ಎನ್ನುತ್ತಿದ್ದ. ಅವನ ಲೈಟರಿನ ಮೇಲೆ ಸೊಳ್ಳೆ ಗೀಚಿಕೊಟ್ಟವರೂ ಇವರೇ. ಒಂದು ಸೇತುವೆಯ ಹತ್ತಿರ ಅವನು ರೇಡಿಯೇಟರಿಗೆ ನೀರು ತರಲೆಂದು ಹೊಳೆಗೆ ಇಳಿದ. ಅಷ್ಟರಲ್ಲಿ ವಿಮಾನಗಳ ಸದ್ದು. ಹೊರಡು ಹೊರಡು ಎಂದು ಅಧಿಕಾರಿ ಬಾನೆಟ್ಟಿಗೆ ಗುದ್ದಿದ. ಇವರು ಹೊರಟರು. ಆಚೆ ದಡ ಮುಟ್ಟುವುದಕ್ಕೂ ಹಿಂದೆ ಸೇತುವೆ ಕುಸಿಯುವುದಕ್ಕೂ ಸರಿಹೋಯಿತು.

“ಕನ್ನಡೀಲಿ ಅವನು ಕಾಣ್ತಿದ್ದ,” ಅಂದರು ಮಾವ. “ಬಕೆಟ್ ಹಿಡ್ಕೊಂಡು ಓಡಿ ಬರ್ತಿದ್ದ.”

ಯುದ್ಧ ಮುಗಿದು ಇವರು ಮನೆಗೆ ಬಂದ ಮೇಲೆ ಒಂದು ಪಾರ್ಸೆಲ್ ಬಂತು. ಖಾಕಿ ಬಟ್ಟೆಯಲ್ಲಿ ಹೊಲಿದದ್ದು, ಕಾಗದವಿಲ್ಲ, ಪತ್ರವಿಲ್ಲ, ಒಳಗೆ ಸೊಳ್ಳೆಯ ಲೈಟರು. ಅವರ ಪಡೆಯಲ್ಲಿ ಸತ್ತವರ ಸಾಮಾನು ಹಾಗೆಯೇ ಬರುತ್ತಿತ್ತು, ಖಾಕಿ ಬಟ್ಟೆಯಲ್ಲಿ ಹೊಲಿದು. ಮಾವ ಬಟ್ಟೆಯನ್ನು ಒಲೆಗೆ ಹಾಕಿದರು, ಲೈಟರನ್ನು ಬೀರುವಿಗೆ ಹಾಕಿದರು. ಯಾರನ್ನೂ ವಿಚಾರಿಸಲಿಲ್ಲ. ಗೊತ್ತಿರುವುದನ್ನು ಯಾರಾದರೂ ಏಕೆ ಕೇಳಲು ಹೋಗುತ್ತಾರೆ?

೪

ಮಾವ ತಮ್ಮ ಮನೆಗೆ ಹೋದ ಮೇಲೆ ಅಳಿಯ ಮ್ಯಾಗ್ನೆಟ್ ತೆಗೆದ. ಅನುಮಾನವೇನಲ್ಲ, ಬರೀ ಅಭ್ಯಾಸಬಲ.

ಅಂಟಲಿಲ್ಲ.

ತಿರುಗಿಸಿ ಇಟ್ಟ, ಜಾರಿತು. ಮುಚ್ಚಳಕ್ಕೆ ಇಟ್ಟ, ಜಾರಿತು.

“ನಕಲಿ ಕಣೇ,” ಎಂದ ಹೆಂಡತಿಗೆ, ಅಂದರೆ ಮಾವನ ಮಗಳಿಗೆ. “ಒಳಗೆ ಹಿತ್ತಾಳೆ. ಯುದ್ಧದ್ದು ಅಲ್ವೇ ಅಲ್ಲ.”

“ಅಪ್ಪನ ಹತ್ರ ಬಾಯಿ ಬಿಟ್ಟೀರಾ ಜೋಕೆ. ಇಷ್ಟು ವರ್ಷ ಅದನ್ನ ಇಟ್ಕೊಂಡು ಕೊರಗಿದಾರೆ. ಈಗ ಹೋಗಿ ಅದು ಡೂಪ್ಲಿಕೇಟು ಅಂದ್ರೆ ಅವರು ಉಳೀತಾರಾ?”

“ಹಾಗಾದ್ರೆ ಚೀಟೀಲಿ ಏನು ಬರೀಲಿ? ಅವರು ಹೇಳಿದ್ದನ್ನೇ ಬರೀಲಾ?”

ಅವಳು ಚೀಟಿಯನ್ನು ಅವನ ಮುಂದಿನಿಂದ ಸರಿಸಿದಳು. ತಂದೆ ಕೊಲೆಗಾರನೆಂದು ಲೈಬ್ರರಿಯ ಹಾಲಿನಲ್ಲಿ ಬೋರ್ಡು ಹಾಕಲು ಯಾವ ಮಗಳು ಒಪ್ಪುತ್ತಾಳೆ?

೫ (ನನ್ನ ಅತ್ಯುತ್ತಮ ಅಂತ್ಯ, ದಯವಿಟ್ಟು ಗಮನಿಸಿ)

ನಾನು ಕೈ ಉಜ್ಜಿಕೊಂಡೆ. ಇದಕ್ಕಿಂತ ಒಳ್ಳೆಯ ದುರಂತ ಬೇಕೇ? ಸುಳ್ಳು ಲೈಟರಿನ ಮುಂದೆ ಜೀವನವಿಡೀ ನಿಜವಾದ ದುಃಖ! ಒಂದೇ ಏಟಿಗೆ ಬರೆದು ಮುಗಿಸಿದೆ. ಅಳಿಯ ಗುಟ್ಟು ಬಿಡದೆ ಚೀಟಿ ಬರೆಯುತ್ತಾನೆ, ಪ್ರದರ್ಶನದಲ್ಲಿ ಮಾವ ತಲೆ ಬಾಗಿಸಿ ನಿಲ್ಲುತ್ತಾರೆ, ಕಿಟಕಿಯಾಚೆ ಮಳೆ. ಸಂಪಾದಕಿಗೆ ಕಳಿಸಿದೆ. “ಸೂಪರ್. ಮಳೆ ಮಾತ್ರ ತೆಗೀರಿ,” ಎಂದು ಉತ್ತರ ಬಂತು. ನಾನು ಮಳೆ ತೆಗೆಯುತ್ತಿದ್ದೆ. ಆಗ ಅಳಿಯ ನನ್ನ ವಾಕ್ಯದ ನಡುವೆಯೇ ತಲೆ ಎತ್ತಿದ.

“ಸ್ವಾಮೀ, ಒಂದು ಡೌಟು.”

“ಕಥೆ ಮುಗಿದಿದೆ ಕಣಯ್ಯ.”

“ನಕಲಿ ಮಾಡೋರು ಮಾರಕ್ಕೆ ಮಾಡ್ತಾರೆ. ಇದನ್ನ ಯಾರೂ ಮಾರಿಲ್ಲ, ಮಾವ ಕೊಂಡೂ ಇಲ್ಲ. ಮನೆಗೆ ತಾನಾಗೇ ಬಂದಿದೆ. ಪುಕ್ಕಟೆ ಯಾರು ಮೋಸ ಮಾಡ್ತಾರೆ, ನೀವೇ ಹೇಳಿ?”

“ಅದೆಲ್ಲ ನಿನಗೇಕೆ? ಓದುಗರ ಕಣ್ಣಲ್ಲಿ ನೀರು ಬಂದಾಗಿದೆ.”

“ಒರೆಸ್ಕೊಳ್ಳಕ್ಕೆ ಹೇಳಿ. ನಾನು ಇನ್ನೂ ನೋಡ್ತಿದೀನಿ.”

ಪಾತ್ರಗಳಿಗೆ ಸಲುಗೆ ಕೊಟ್ಟರೆ ತಲೆ ಮೇಲೆ ಕೂರುತ್ತವೆ. ಆದರೂ ಅವನನ್ನು ತಡೆಯಲಿಲ್ಲ. ಗುಟ್ಟಾಗಿ ಹೇಳುತ್ತೇನೆ, ನನಗೂ ಆ ಅಂತ್ಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

೫, ಅಳಿಯನ ಪ್ರಕಾರ

ಅವನು ಲೈಟರನ್ನು ಮಹಡಿಯ ಕೋಣೆಗೆ ಒಯ್ದು, ಹಲ್ಲು ಪರೀಕ್ಷಿಸುವ ದೀಪದ ಕೆಳಗೆ ಹಿಡಿದ. ಕಾರ್ಖಾನೆಯಲ್ಲಿ ಸುಟ್ಟ ಬಣ್ಣ ಸಣ್ಣಗೆ ಸುಕ್ಕುಗಟ್ಟಿರುತ್ತದೆ. ಇದು ನುಣ್ಣಗಿತ್ತು, ಅಂಚಿನಲ್ಲಿ ದಪ್ಪಗೆ ಇಳಿದು ನಿಂತಿತ್ತು. ಒಂದು ಮೂಲೆಯಲ್ಲಿ ಬ್ರಶ್ಶಿನ ಕೂದಲೂ ಅಂಟಿಕೊಂಡಿತ್ತು. ಲಾರಿಯ ಅಡಿಗೆ ಬಳಿಯುವ ಬಣ್ಣ. ಯಾರೋ ಹೊಚ್ಚ ಹೊಸ ಹಿತ್ತಾಳೆ ಲೈಟರ್ ಕೊಂಡು, ಹಳೆಯದರಂತೆ ಕಾಣಲೆಂದು ಕೈಯಾರೆ ಕಪ್ಪು ಬಳಿದು, ಒಣಗಿದ ಮೇಲೆ ಸೊಳ್ಳೆ ಗೀಚಿದ್ದರು.

ಹಳೆಯ ಲೈಟರ್ ಹೇಗಿತ್ತೆಂದು ಗೊತ್ತಿದ್ದವರು ಯಾರು? ಸೊಳ್ಳೆಯ ಚಿತ್ರ ನೋಡಿದರೆ ಮಾವನಿಗೆ ಗುರುತು ಸಿಗುತ್ತದೆಂದು ಗೊತ್ತಿದ್ದವರು ಯಾರು? ಅಳಿಯ ಕಟ್ಟುಹಲ್ಲುಗಳ ಕಡೆ ಬೆಪ್ಪಾಗಿ ನೋಡುತ್ತ ಕೂತ. ಸೇತುವೆಯ ಬಳಿ ಸತ್ತವನು, ಯುದ್ಧ ಮುಗಿದ ಮೇಲೆ ಅಂಗಡಿಗೆ ಹೋಗಿ ಲೈಟರ್ ಕೊಳ್ಳುವುದು ಹೇಗೆ?

(ಸೊಳ್ಳೆಗೆ ಐದೇ ಕಾಲಿದ್ದವು. ಪಾಪ, ಅವನು ಒಂದು ಕಾಲು ಕಳೆದುಕೊಂಡದ್ದರ ಸಂಕೇತವಿರಬೇಕು ಎಂದೆ. “ಮೊಳೆ ಜಾರಿರುತ್ತೆ ಬಿಡಿ ಸ್ವಾಮಿ,” ಎಂದ ಅಳಿಯ.)

೬

ಮರುದಿನ ಮಧ್ಯಾಹ್ನ ಅಳಿಯ ಹೆಂಡತಿಯನ್ನು ಕರೆದುಕೊಂಡು ಮಾವನ ಮನೆಗೆ ಹೋದ. ಅಡುಗೆಮನೆಯ ಮೇಜಿನ ಮೇಲೆ ತನ್ನ ಸಂಗ್ರಹದ ಕೆಲವು ಲೈಟರುಗಳನ್ನು ಸಾಲಾಗಿ ಇಟ್ಟ, ಪಕ್ಕದಲ್ಲಿ ಮಾವನದನ್ನೂ ಇಟ್ಟ. ಮ್ಯಾಗ್ನೆಟ್ಟನ್ನು ಅವರ ಕೈಗೆ ಕೊಟ್ಟ.

“ಎಲ್ಲದಕ್ಕೂ ಮುಟ್ಟಿಸಿ ನೋಡಿ, ಮಾವ. ಇವೆಲ್ಲ ಯುದ್ಧದಲ್ಲಿ ಮಾಡಿದ್ದು. ಆಗ ಹಿತ್ತಾಳೆ ಇರಲಿಲ್ಲ, ಬರೀ ಕಬ್ಬಿಣ.”

ಮಾವ ಮುಟ್ಟಿಸಿದರು. ಟಕ್. ಟಕ್. ಟಕ್. ತಮ್ಮದಕ್ಕೆ ಮುಟ್ಟಿಸಿದರು. ಮ್ಯಾಗ್ನೆಟ್ ಜಾರಿ ಮೇಜಿಗೆ ಬಿತ್ತು. ಮತ್ತೆ ಎತ್ತಿ ಮುಟ್ಟಿಸಿದರು. ಮತ್ತೆ ಬಿತ್ತು.

“ಹಾಳಾಗಿದೆಯಾ?”

“ಇಲ್ಲ ಮಾವ. ಇದು ಯುದ್ಧ ಮುಗಿದ ಮೇಲೆ ಮಾಡಿದ್ದು. ಯಾರೋ ಹೊಸದನ್ನ ಕೊಂಡು, ಲಾರಿ ಪೇಂಟು ಬಳಿದು, ನೀವು ಗೀಚಿದ ಹಾಗೇ ಗೀಚಿ, ನಿಮಗೆ ಕಳಿಸಿದಾರೆ.”

ಮಾವ ಲೈಟರನ್ನು ಕಣ್ಣಿನ ಹತ್ತಿರ ಹಿಡಿದರು. ಇಷ್ಟು ವರ್ಷದಲ್ಲಿ ಅವರು ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ಬೀರುವಿನಲ್ಲಿಟ್ಟ ವಸ್ತುವಿಗೆ ಅವರು ಹೆದರುತ್ತಿದ್ದರು.

“ಇದು ನನ್ನ ಕೈ ಅಲ್ಲ,” ಎಂದರು ನಿಧಾನವಾಗಿ. “ನಾನು ಸೊಳ್ಳೆಗೆ ರೆಕ್ಕೆ ಬರೆದಿದ್ದೆ. ಇವನು ರೆಕ್ಕೇನೇ ಮರೆತಿದಾನೆ.”

ಲೈಟರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

“ನೀರು ತಂದ ಹಾಗಾದ್ರೆ,” ಎಂದರು. “ಆಚೆಗೂ ಬಂದ.”

“ಬಂದಿದಾರೆ ಮಾವ. ಹಳೇದು ಹೊಳೆಗೆ ಬಿದ್ದಿರಬೇಕು, ಅಂಗಡಿಗೂ ಹೋಗಿದಾರೆ.”

“ಮತ್ತೆ ಕಾಗದ ಯಾಕೆ ಹಾಕಲಿಲ್ಲ ಅಪ್ಪಾ?” ಎಂದಳು ಮಗಳು.

“ಅವನಿಗೆಲ್ಲಿ ಬರೆಯಕ್ಕೆ ಬರ್ತಿತ್ತು? ಅವನ ಮನೆಗೆ ಕಾಗದ ಬರ್ಕೊಡ್ತಿದ್ದವನು ನಾನು.” ಅಷ್ಟು ಹೇಳಿದ್ದೇ ಮಾವನ ಮುಖ ಕೆಂಪೇರಿತು. ಎದ್ದು ನಿಂತರು. “ಅಯ್ಯೋ ಕಳ್ಳ ನನ್ಮಗನೇ! ನನ್ನ ವಿಳಾಸ ಯಾರ ಕೈಲೋ ಬರೆಸಿದಾನಲ್ಲ, ಅದರ ಕೆಳಗೆ ಇನ್ನೊಂದು ಸಾಲು ಬರೆಸಕ್ಕೆ ಏನಾಗಿತ್ತು ಧಾಡಿ? ‘ಕೋಣ, ಬದುಕಿದೀನಿ’ ಅಂತ! ಖಾಕೀಲಿ ಹೊಲಿದು ಕಳಿಸ್ತಾನಂತೆ, ಖಾಕೀಲಿ! ಮಂಗನಿಗೆ ಬೇರೆ ಬಟ್ಟೆ ಸಿಗಲಿಲ್ವಾ? ಬಾಯಿ ಬಾಯಿ ಅಂದ್ರೆ ಊರಗಲ ಇತ್ತು, ಮಾತಾಡಬೇಕಾದ ಒಂದೇ ಒಂದು ಸಲ ಮುಚ್ಕೊಂಡು ಕೂತ!”

ಬಯ್ದರು, ಬಯ್ದರು, ನಲವತ್ತು ವರ್ಷದ್ದನ್ನೆಲ್ಲ ಸೇರಿಸಿ ಬಯ್ದರು. ಬಯ್ಯುತ್ತಲೇ ಅಳತೊಡಗಿದರು, ಅಳುತ್ತಲೇ ನಕ್ಕರು. ನಗುವಾಗ ಅಳಿಯನೇ ಮಾಡಿಕೊಟ್ಟ ಹಲ್ಲಿನ ಸೆಟ್ಟು ಸಡಿಲವಾಗಿ, ಅದನ್ನು ಹೆಬ್ಬೆರಳಿನಿಂದ ಒತ್ತಿಕೊಂಡರು. ಮಗಳು ಅವರ ಬೆನ್ನು ಸವರಿದಳು. ಅಳಿಯನಿಗೆ ಮೈಮೇಲಿನ ಮೂಟೆ ಇಳಿದಂತಾಯಿತು. ನನಗೂ ಹಾಯೆನಿಸಿತು ಓದುಗರೇ. ಒಬ್ಬನನ್ನು ಕೊಲ್ಲುವುದು ತಪ್ಪಿತು.

೭ (ಇಲ್ಲಿ ಅಂತ್ಯ ಇರಬೇಕಿತ್ತು)

ಸಂಪಾದಕಿ ಫೋನ್ ಮಾಡಿದರು. “ಸರಿ, ಸೊಳ್ಳೆ ಸಿಕ್ಕಿದನಾ?”

ನನ್ನ ಹತ್ತಿರ ಮೂರು ಅಂತ್ಯಗಳಿವೆ. ಒಂದರಲ್ಲಿ ಪ್ರದರ್ಶನದ ದಿನ ಒಬ್ಬ ನರಪೇತಲ ಮುದುಕ ಮೇಜಿನ ಮುಂದೆ ನಿಂತು “ರೆಕ್ಕೆ ಎಲ್ಲಿ?” ಎನ್ನುತ್ತಾನೆ. (ನಾಚಿಕೆಯಾಗುತ್ತದೆ, ಆದರೆ ಬರೆದಿದ್ದೇನೆ.) ಇನ್ನೊಂದರಲ್ಲಿ ಅವನು ಮೊಮ್ಮಕ್ಕಳ ನಡುವೆ, ಮುಪ್ಪಿನಿಂದ, ಮಾತಾಡುತ್ತಲೇ ತೀರಿಕೊಂಡು ಬಹಳ ದಿನವಾಗಿದೆ. ಮೂರನೆಯದರಲ್ಲಿ ಏನೂ ತಿಳಿಯುವುದಿಲ್ಲ. ಯಾವುದು ಬೇಕೆಂದು ಮಾವನನ್ನೇ ಕೇಳಿದೆ.

“ಹುಡುಕೋಣ, ಸಿಕ್ಕಿದ್ರೆ ಎರಡು ಬಿಡ್ತೀನಿ,” ಎಂದರು. “ಸಿಗದಿದ್ರೆ ಬೇಡ. ಅವತ್ತು ಸಾಯಲಿಲ್ವಲ್ಲ, ನನಗೆ ಅಷ್ಟು ಸಾಕು. ನಿಮಗೆ ಯಾಕೆ ಸಾಲ್ದು?”

ಅಳಿಯ ಮೇಜಿನ ಮೇಲೆ ಚೀಟಿ ಇಟ್ಟುಕೊಂಡು ಕೂತಿದ್ದ. ‘ಇದರ ಯಜಮಾನ’ ಎಂದು ಬರೆದಿದ್ದ, ಮುಂದೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನಿನ ತುದಿ ಕಚ್ಚುತ್ತಿದ್ದ.

“ಆಮೇಲೆ ಬರೀವ್ರಂತೆ,” ಎಂದು ಮಾವ ಮಗಳ ಕಡೆ ಕೈ ಚಾಚಿದರು. “ಕಾರಿನ ಕೀ ಕೊಡು.”

“ಅಪ್ಪಾ, ಲೈಸೆನ್ಸ್?”

“ಅಂಗಳದಲ್ಲಿ ಒಂದು ಸುತ್ತು ಹೊಡೆಯಕ್ಕೆ ಯಾವ ಲೈಸೆನ್ಸು? ಕೊಡು ಕೊಡು.”

ಕೊಟ್ಟಳು. ಮುಂದಿನ ಸೀಟಿನಲ್ಲಿ ಮಾವ, ಪಕ್ಕದಲ್ಲಿ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದ ಅಳಿಯ, ಹಿಂದೆ ಮಗಳು. ಕಾರು ಎರಡು ಸಲ ಜಗ್ಗಿ ಆಫ್ ಆಯಿತು. ಮೂರನೆಯ ಸಲ ಹೊರಟಿತು. ಮಾವ ಕನ್ನಡಿಯನ್ನು ಸರಿಮಾಡಿಕೊಂಡು ಅದರಲ್ಲಿ ಒಮ್ಮೆ ನೋಡಿದರು, ಮಗಳು ಕಂಡಳು. ಅಂಗಳದಲ್ಲಿ ಒಂದು ಸುತ್ತು ಮುಗಿಯಿತು. ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು. ಈಗ ಕಾರು ಗೇಟಿನ ಕಡೆಗೆ ತಿರುಗಿದೆ, ಇಂಡಿಕೇಟರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮಿನುಗುತ್ತಿದೆ. ನಾನು ಗೇಟಿನ ನಟ್ಟನಡುವೆ, ಪೂರ್ಣವಿರಾಮ ಹಿಡಿದುಕೊಂಡು ನಿಂತಿದ್ದೇನೆ. ಮಾವ ಹಾರ್ನ್ ಹೊಡೆಯುತ್ತಿದ್ದಾರೆ. ಸರಿ, ಪಕ್ಕಕ್ಕೆ ಸರಿಯುತ್ತೇನೆ