ಯಾರೂ ಇಲ್ಲದ ಕಡೆಗೆ ಪಾಸ್ ಕೊಡುತ್ತಿದ್ದವನು

ವಾಲ್ದೆಮೀರ್ ನೊಗೇರನ ಕೈಗೆ ಏನನ್ನೇ ಕೊಡಿ, ಕಾಫಿಯ ಲೋಟವಿರಲಿ, ನೆರೆಮನೆಯ ಹಸುಗೂಸಿರಲಿ, ಪಾದ್ರಿಗಳ ಪ್ರಸಾದವೇ ಇರಲಿ, ಅದನ್ನು ತೆಗೆದುಕೊಳ್ಳುವ ಮೊದಲು ಅವನು ಒಮ್ಮೆ ಎಡಹೆಗಲ ಮೇಲಿಂದ, ಒಮ್ಮೆ ಬಲಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ. ಫುಟ್‌ಬಾಲ್ ಮೈದಾನದಲ್ಲಿ ಚೆಂಡು ಕಾಲಿಗೆ ಬರುವ ಮುನ್ನವೇ ಬೆನ್ನ ಹಿಂದಿನ ಲೋಕವೆಲ್ಲ ಕಣ್ಣಲ್ಲಿರಬೇಕೆಂದು ಇಪ್ಪತ್ತು ವರ್ಷ ಪಳಗಿದ ಕತ್ತು ಅದು. ಮೈದಾನದ ಹೊರಗೂ ತನ್ನ ವಿದ್ಯೆಯನ್ನು ಮರೆಯಲೊಲ್ಲದು. "ಚರ್ಚಿನಲ್ಲಿ ನನ್ನ ಕೈ ಹಿಡಿಯೋವಾಗ್ಲೂ ಹಿಂಗೇ ನೋಡಿದ್ರು ಮೇಷ್ಟ್ರೇ. ಇನ್ಯಾರಾದ್ರೂ ಖಾಲಿ ನಿಂತಿದಾರಾ ಅಂತ ನೋಡಿದ್ರೋ ಏನೋ!" ಎಂದು ಅವನ ಹೆಂಡತಿ ಲೂಸಿನೇಯಾ ಊರನ್ನೆಲ್ಲ ನಗಿಸುತ್ತಿದ್ದಳು.

ಸಾವೊ ಫ್ರಾನ್ಸಿಸ್ಕೊ ನದಿಯ ದಡದ ನಮ್ಮ ಸಾಂತಾನ ದೊ ರಿಯೊದಲ್ಲಿ ಅವನನ್ನು ವಾಲ್ದೆಮೀರ್ ಎಂದು ಕರೆಯುತ್ತಿದ್ದವಳು ಅವನ ತಾಯಿಯೊಬ್ಬಳೇ. ಉಳಿದವರಿಗೆಲ್ಲ ಅವನು ಜಬುತಿ, ಎಂದರೆ ಆಮೆ. ಮುಂಚೂಣಿಯ ಆಟಗಾರರ ಬೆನ್ನ ಹಿಂದೆ ನಿಂತು ಗೋಲುಗಳಿಗೆ ದಾರಿ ತೆರೆಯಬೇಕಾದ ಹತ್ತನೇ ನಂಬರಿನ ಅಂಗಿ ಅವನದು. ಆದರೆ ಆ ಅಂಗಿ ತೊಟ್ಟು ಅವನು ಓಡಿದ್ದನ್ನು ಕಂಡವರಿಲ್ಲ. ಪಾದಗಳನ್ನು ತುಸು ಹೊರಗೆ ಚಾಚಿ, ಕೈಗಳನ್ನು ಜೋತುಬಿಟ್ಟು, ಸಂತೆಯಲ್ಲಿ ಹಣ್ಣು ಆರಿಸುವವನಂತೆ ನಡೆಯುತ್ತಿದ್ದ. ಶಾಲೆಯಲ್ಲಿ ಭೂಗೋಳ ಕಲಿಸುತ್ತ, ಸಂಜೆ ರಿಬೇರಿನ್ಯೊ ಕ್ಲಬ್ಬಿನ ಕಾರ್ಯದರ್ಶಿಯಾಗಿ ಹರಿದ ಗೋಲುಬಲೆಗಳಿಗೆ ಹೊಲಿಗೆ ಹಾಕಿಸುತ್ತ ಕಾಲ ಕಳೆದ ನಾನು ಎಷ್ಟೋ ಓಟಗಾರರನ್ನು ಕಂಡು ಮರೆತಿದ್ದೇನೆ. ಆ ನಡಿಗೆಯನ್ನು ಮರೆತಿಲ್ಲ.

ಅವನ ಪಾಸುಗಳ ವಿಷಯವೇ ಬೇರೆ. ಅವು ಯಾರ ಕಾಲಿಗೂ ಹೋಗುತ್ತಿರಲಿಲ್ಲ. ಇಬ್ಬರು ಡಿಫೆಂಡರುಗಳ ನಡುವೆ ನುಸುಳಿ, ಯಾರೂ ಇಲ್ಲದ ಹುಲ್ಲಿನ ಮೇಲೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದವು. ನಮ್ಮ ಹಳೆಯ ಕೋಚ್ ದಂಡೆಯಿಂದ ಅಬ್ಬರಿಸುತ್ತಿದ್ದರು: "ಯಾರಿಗಯ್ಯಾ ಕೊಟ್ಟೆ ಅದನ್ನ? ಅಲ್ಲಿ ಒಂದು ಕೋಳಿನೂ ಇರ್ಲಿಲ್ವಲ್ಲ!"

"ಇರ್ಬೇಕಾಗಿತ್ತು, ಸಾರ್" ಎನ್ನುತ್ತಿದ್ದ ಜಬುತಿ, ಕೋಳಿಯ ತಪ್ಪೇ ಎಂಬಂತೆ.

ಹತ್ತೊಂಬತ್ತರ ವಯಸ್ಸಿಗೆ ಸಾವೊ ಪೌಲೊದ ದೊಡ್ಡ ಕ್ಲಬ್ಬೊಂದು ಅವನನ್ನು ಕರೆಸಿಕೊಂಡಿತು. ಎರಡು ವರ್ಷ ಅಲ್ಲಿ ಅವನ ಎಡಬದಿಯಲ್ಲಿ ಆಡಿದವನು ರೋನಿವೊನ್ ಎಂಬ ಮಿಂಚಿನ ಕಾಲಿನ ಚೆಲುವ. ಒಂದು ಮುಖ್ಯ ಪಂದ್ಯದಲ್ಲಿ ಜಬುತಿಯ ಮೂರು ಪಾಸುಗಳು ಖಾಲಿ ಮೂಲೆಗೆ ಉರುಳಿಹೋದವು, ತಂಡ ಸೋತಿತು. ರೇಡಿಯೊದವರು ಮೈಕು ಹಿಡಿದಾಗ ರೋನಿವೊನ್ ಹೇಳಿದ: "ಜಬುತಿ ಇದ್ರೆ ನಾವು ಹತ್ತೇ ಜನ ಆಡಿದ ಹಾಗೆ." ಆ ಒಂದು ಮಾತು ಪತ್ರಿಕೆಯಿಂದ ಪತ್ರಿಕೆಗೆ ಹಾರಿತು. ಮುಂದಿನ ಪಂದ್ಯದಿಂದ ಅವನಿಗೆ ಬೆಂಚು; ಮುಂದಿನ ವರ್ಷದಿಂದ ಅಲೆದಾಟ. ಹನ್ನೊಂದು ಕ್ಲಬ್ಬು, ಒಂದೊಂದು ಕಡೆ ಒಂದೊಂದು ಋತು. ನಡುವೆ ಪೋರ್ಚುಗಲ್ಲಿನ ಗುಡ್ಡಗಾಡಿನ ಊರೊಂದರಲ್ಲಿ ಎರಡು ಚಳಿಗಾಲ. ಅಲ್ಲಿಂದ ತಂದ ನೀಲಿ ಉಣ್ಣೆಯ ಕೋಟನ್ನು ನಮ್ಮ ಊರಿನ ಸುಡುಬಿಸಿಲಿನಲ್ಲೂ ತೋಳಿನ ಮೇಲೆ ಮಡಿಸಿ ಹಾಕಿಕೊಂಡೇ ತಿರುಗುತ್ತಿದ್ದ. "ಯಾಕೋ ಮಾರಾಯ, ಸೆಕೆ ಸಾಲದಾ?" ಎಂದು ಕೇಳಿದರೆ, "ನೀವು ಓದಿದ ಸರ್ಟಿಫಿಕೇಟನ್ನ ಗೋಡೆಗೆ ತೂಗುಹಾಕಿಲ್ವಾ ಮೇಷ್ಟ್ರೇ? ಇದು ನಂದು" ಎಂದಿದ್ದ.

ಮೂವತ್ತನಾಲ್ಕಕ್ಕೆ ಊರಿಗೆ ಮರಳಿ ರಿಬೇರಿನ್ಯೊದ ಅಂಗಿ ತೊಟ್ಟ. ಎರಡು ವರ್ಷಗಳ ಬಳಿಕ, ಬೇರೆ ಯಾರೂ ಕರೆಯದ ವಯಸ್ಸಿನಲ್ಲಿ, ನಮ್ಮದೇ ಕ್ಲಬ್ಬಿಗೆ ಬಂದಿಳಿದವನು ರೋನಿವೊನ್! ನೆತ್ತಿ ಬೋಳಾಗಿತ್ತು; ಕಾಲಿನಲ್ಲಿ ಹಳೆಯ ಮಿಂಚಿನ ಅರೆಪಾಲು ಉಳಿದಿತ್ತು. ಜಬುತಿ ಅವನನ್ನು ಕಂಡು ಮುಖ ತಿರುಗಿಸಲಿಲ್ಲ, ಜಗಳ ತೆಗೆಯಲಿಲ್ಲ. ಮಾತು ಮಾತ್ರ ಆಡಲಿಲ್ಲ. ಇಡೀ ಹನ್ನೊಂದು ತಿಂಗಳು ಅವರಿಬ್ಬರ ನಡುವಿನ ಅಂಚೆಯವನಾದವನು ನಾನು.

"ಮೇಷ್ಟ್ರೇ, ಆ ಯಜಮಾನ್ರಿಗೆ ಹೇಳಿ, ಕುಸ್ಕುಸ್ ತಟ್ಟೆ ಈ ಕಡೆ ದಾಟಿಸ್ಲಿ ಅಂತ" ಎನ್ನುತ್ತಿದ್ದ ಜಬುತಿ, ಕ್ಲಬ್ಬಿನ ಬೆಳಗಿನ ಜೋಳದ ತಿಂಡಿಯ ಮೇಜಿನಲ್ಲಿ.

"ಮೇಷ್ಟ್ರೇ, ಆ ಯಜಮಾನ್ರಿಗೆ ಹೇಳಿ, ತಟ್ಟೆ ಇಲ್ಲೇ ಇದೆ, ಎದ್ದು ಬಂದು ತಗೊಳ್ಳೋದಕ್ಕೆ ಕಾಲಿಗೇನಾಗಿದೆ ಅಂತ."

ಮೈದಾನದಲ್ಲೂ ಅದೇ ಮೌನ. ಪಾಸುಗಳು ಮಾತ್ರ ಎಡಮೂಲೆಗೆ ತಪ್ಪದೆ ಹೋಗುತ್ತಿದ್ದವು, ರೋನಿವೊನ್ ಒಂದು ಹೆಜ್ಜೆ ತಡವಾಗಿ ತಲುಪುತ್ತಿದ್ದ, ಚೆಂಡು ಗೆರೆ ದಾಟುತ್ತಿತ್ತು. ಇಬ್ಬರೂ ಬೇರೆಬೇರೆ ದಿಕ್ಕಿಗೆ ಉಗುಳುತ್ತಿದ್ದರು.

ಹೀಗೆ ನಾವು ಪಟ್ಟಿಯ ತಳಕ್ಕೆ ಇಳಿದೆವು. ಕೊನೆಯ ಪಂದ್ಯ ಗೆಲ್ಲದಿದ್ದರೆ ಕೆಳಗಿನ ದರ್ಜೆ. ಕೆಳಗಿನ ದರ್ಜೆಯೆಂದರೆ ಕ್ಲಬ್ಬಿಗೆ ಬೀಗ ಎಂದು ಅಧ್ಯಕ್ಷರು ಮೊದಲೇ ತಿಳಿಸಿದ್ದರು. ಎದುರಾಳಿ ನದಿಯ ಮೇಲ್ಭಾಗದ ಊರಿನವರು. ಹೊಸ ಕೋಚ್ ಓಟದ ಲೆಕ್ಕ ನೋಡುವ ತರುಣ. ಜಬುತಿಯನ್ನು ಬೆಂಚಿನಲ್ಲಿ ಕೂರಿಸಿದ್ದ. ಎಪ್ಪತ್ತು ನಿಮಿಷವಾದರೂ ಒಂದೊಂದು ಗೋಲಿನ ಸಮಬಲ. ಕಡೆಗೆ ಕೋಚ್ ತಿರುಗಿ, "ಹೋಗಣ್ಣ. ಆದ್ರೆ ಇವತ್ತೊಂದಿನ ಓಡು" ಎಂದ. ಜಬುತಿ ಎದ್ದು, ನಡೆದುಕೊಂಡೇ ಒಳಗೆ ಹೋದ.

ಮೊದಲ ಪಾಸು ಖಾಲಿ ಮೂಲೆಗೆ ಉರುಳಿತು. ಗ್ಯಾಲರಿ ಒಂದೇ ದನಿಯಲ್ಲಿ "ಆಮೇ... ಆಮೇ..." ಎಂದು ಅಣಕಿಸಿತು. ಎರಡನೆಯದೂ ಹಾಗೆಯೇ. ಆಗ ಅವನು ಸೊಂಟದ ಮೇಲೆ ಕೈಯಿಟ್ಟು ರೋನಿವೊನ್‌ನನ್ನು ನೋಡುತ್ತ ನಿಂತ. ಆ ಬೋಳುನೆತ್ತಿ, ಆ ಏದುಸಿರು, ಪಟ್ಟಿ ಸುತ್ತಿದ ತೊಡೆ, ಎಲ್ಲವನ್ನೂ ಹನ್ನೊಂದು ತಿಂಗಳಲ್ಲಿ ಮೊದಲ ಬಾರಿ ಕಾಣುತ್ತಿರುವವನಂತೆ. ಎಂಬತ್ತನಾಲ್ಕನೆಯ ನಿಮಿಷದಲ್ಲಿ ಚೆಂಡು ಮತ್ತೆ ಅವನ ಕಾಲಿಗೆ ಬಂತು. ಕೊಡಲಿಲ್ಲ. ಅಂಗಾಲಿನ ಕೆಳಗೆ ಅದನ್ನು ಅದುಮಿ ಹಿಡಿದ. ಇಬ್ಬರು ಮೈಮೇಲೆ ಬಿದ್ದರು, ಒಬ್ಬ ಕಣಕಾಲಿಗೇ ಒದ್ದ, ಅಲುಗಲಿಲ್ಲ.

"ರೋನೀ!" ಎಂದು ಕೂಗಿದ. "ಹೊರಡು ಮಾರಾಯ! ಈಗ!"

ಎಂದೂ ಗಟ್ಟಿಯಾಗಿ ಮಾತನಾಡದ ಮನುಷ್ಯನ ಗಂಟಲಿನಿಂದ ಬಂದ ಆ ಕೂಗಿಗೆ ಬೆಂಚಿನಲ್ಲಿದ್ದ ನಾವೇ ಎದ್ದುನಿಂತೆವು. ರೋನಿವೊನ್ ಚೆಂಡಿನ ಕಡೆ ನೋಡಲೂ ಇಲ್ಲ. ತಲೆ ತಗ್ಗಿಸಿ ಓಡಿದ. ಅವನು ನಾಲ್ಕು ಹೆಜ್ಜೆ ಹಾಕಿದ ಮೇಲೆಯೇ ಪಾಸು ಹೊರಟಿತು. ಉಳಿದದ್ದನ್ನು ಹೇಳಬೇಕಾಗಿಲ್ಲ, ಕ್ಲಬ್ಬು ಉಳಿಯಿತು, ಬಲೆ ಹರಿಯಿತು. ಮಾರನೆಯ ದಿನ ಹೊಲಿಸಿದವನು ನಾನೇ.

ಪಂದ್ಯ ಮುಗಿದ ಬಳಿಕ ಬಟ್ಟೆ ಬದಲಿಸುವ ಕೋಣೆಯಲ್ಲಿ ಜಬುತಿ ಬಾತ ಕಣಕಾಲನ್ನು ಬಕೆಟ್ಟಿನ ತಣ್ಣೀರಿನಲ್ಲಿಟ್ಟು ಕೂತಿದ್ದ. ರೋನಿವೊನ್ ಬಂದು ಎದುರಿಗೆ ನಿಂತ.

"ಸಾವೊ ಪೌಲೊದಲ್ಲೂ ನೀನು ಸರಿಯಾದ ಜಾಗಕ್ಕೇ ಕೊಟ್ಟಿದ್ದೆ ಕಣೋ. ನಲ್ವತ್ತು ಸಾವಿರ ಜನರ ಎದುರಿಗೆ ಓಡಿ ತಲುಪದಿದ್ರೆ ಅಂತ ಹೆದರ್ಕೊಂಡೆ. ಅದಕ್ಕೇ ಹೊರಡ್ಲಿಲ್ಲ. ಆಮೇಲೆ ಮೈಕ್ ಮುಂದೆ ಸುಳ್ಳು ಹೇಳ್ದೆ."

ಜಬುತಿ ನೀರನ್ನು ನೋಡುತ್ತಲೇ ಇದ್ದ. "ಸುಳ್ಳು ಅಂತ ಅವತ್ತೇ ಗೊತ್ತಿತ್ತು" ಎಂದ. "ಆದ್ರೆ ನೀನು ಹೊರಟ್ಯಾ ಇಲ್ವಾ ಅಂತ ನಾನೂ ನೋಡ್ಲಿಲ್ಲ. ನಂಗೆ ಜಾಗ ಕಂಡ್ರೆ ಸಾಕಿತ್ತು, ನೀನು ಕಾಣ್ತಿರ್ಲಿಲ್ಲ." ಪಕ್ಕಕ್ಕೆ ಸರಿದು ಕೂತ. "ನಿನ್ನ ಕಾಲೂ ಊದಿದೆ. ಬಕೆಟ್ಟಿನಲ್ಲಿ ಜಾಗ ಇದೆ, ಇಡು."

ನಲವತ್ತರ ಅಂಚಿನ ಎರಡು ಕಾಲುಗಳು ಒಂದು ಬಕೆಟ್ಟಿನಲ್ಲಿ. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಅಂಚೆಯವನ ಕೆಲಸ ಮುಗಿದಿತ್ತು. ಇನ್ನೊಂದು ಋತು ಇಬ್ಬರೂ ಒಟ್ಟಿಗೆ ಆಡಿದರು, ಜಗಳವಾಡುತ್ತ, ಗಟ್ಟಿಯಾಗಿ, ಇಡೀ ಊರಿಗೆ ಕೇಳುವಂತೆ. ಆಮೇಲೆ ಜಬುತಿ ಅಂಗಿ ಕಳಚಿಟ್ಟ.

ಮುಂದಿನದನ್ನು ಉಳಿದವರಿಗಿಂತ ಅರೆಗಳಿಗೆ ಮೊದಲು ಕಾಣುವವರು ಎಲ್ಲ ಊರುಗಳಲ್ಲೂ, ಎಲ್ಲ ಕಸುಬುಗಳಲ್ಲೂ ಒಬ್ಬಿಬ್ಬರಿರುತ್ತಾರೆ. ನಾವು ಓಡಿ ಸೇರಬೇಕಾದ ಜಾಗಕ್ಕೆ ಅವರ ಕಣ್ಣು ಆಗಲೇ ಹೋಗಿ ಬಂದಿರುತ್ತದೆಯಾದ್ದರಿಂದ ಲೋಕ ಅವರನ್ನು ಸೋಮಾರಿಗಳೆನ್ನುತ್ತದೆ. ಅವರೂ ಲೋಕವನ್ನು ಮಂದಗಣ್ಣಿನದೆಂದು ತಿಳಿದು ಬಾಯಿ ಮುಚ್ಚಿಕೊಳ್ಳುತ್ತಾರೆ. ಬಹುಪಾಲು ಜನ ತಮ್ಮ ಕಾಣ್ಕೆಯ ಬಿಗುಮಾನದಲ್ಲೇ ಒಂಟಿಯಾಗಿ ಮುಗಿದುಹೋಗುತ್ತಾರೆ. ಎಲ್ಲೋ ಕೆಲವರಿಗೆ ಮಾತ್ರ, ಬಹಳ ತಡವಾಗಿ, ಮೊಣಕಾಲು ಸವೆದ ಮೇಲೆ, ಹಿಂದೆ ಉಳಿದವನಿಗಾಗಿ ಒದೆ ತಿಂದುಕೊಂಡು ಕಾಯುವ ತಾಳ್ಮೆಯೂ ಅವನ ಹೆಸರು ಹಿಡಿದು ಕೂಗುವ ಧೈರ್ಯವೂ ಬರುತ್ತವೆ.