ಕರಡಿ ಏರ್‌ಪೋರ್ಟಿಗೆ ಹೋದ ದಿನ

ಈ ಬೇಸಿಗೆ ರಜೆಯಲ್ಲಿ ಸುಪ್ರಿತಾ ಟೀಚರ್ ಪೂರ್ತಿ ಹಾಳಾಗಿಹೋದರು. ಹಾಗೆಂದು ಅವರ ಅಮ್ಮ ದೇವಕಿ ಕಡಬ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು.

ಹಾಳುಮಾಡಿದ್ದು ಒಂಬತ್ತನೇ ತರಗತಿ. ರಜೆಯಲ್ಲಿ ಮಕ್ಕಳು ಯಾವ ಪುಸ್ತಕ ಓದಬೇಕೆಂದು ಟೀಚರ್ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಕಿಟಕಿ ಪಕ್ಕದ ಹನಾನ್ ಎದ್ದು ನಿಂತು, "ಯಾವಾಗ್ಲೂ ನೀವು ಹೇಳಿದ್ದು ನಾವು ಓದುದು ಟೀಚರ್. ಒಮ್ಮೆ ನಾವು ಓದುದನ್ನು ನೀವು ಓದಿ ನೋಡಿ," ಅಂದಿದ್ದಳು. ಮರುದಿನ ಮೇಜಿನ ಮೇಲೆ ಒಂದು ರಾಶಿ ಬಿದ್ದಿತ್ತು. ಭೂತದ ಹಾಸ್ಟೆಲು, ಸುಳ್ಳು ಹೇಳುವ ಸೈಕಲ್ಲು, ಚಂದ್ರನಿಂದ ಅಮಾನತಾದ ಹುಡುಗ. ಟೀಚರ್ ಮೊದಲನೆಯದನ್ನು ನಗುತ್ತ ತೆರೆದರು, ಎರಡನೆಯದನ್ನು ಸಾರು ತಳ ಹಿಡಿಯುವಷ್ಟು ಹೊತ್ತು ಓದಿದರು. ಸುಳ್ಯದಲ್ಲಿ ಒಂದು ಮದುವೆಗೆ ಹೋದಾಗ ಬಾಳೆಲೆಯ ಪಕ್ಕದಲ್ಲೇ ಹಾಸ್ಟೆಲ್ಲಿನ ಭೂತವನ್ನು ಬಿಡಿಸಿಟ್ಟುಕೊಂಡು ಕುಳಿತಿದ್ದರು. ಬಡಿಸುವವನು ಪಾಯಸವನ್ನು ನೇರ ಭೂತದ ಮೇಲೆಯೇ ಹೊಯ್ದ.

ಕೊನೆಗೆ ಉಳಿದದ್ದು ಹನಾನಳ ಪುಸ್ತಕ. ಯಾವುದೋ ಚಳಿ ದೇಶದ್ದು, ಕನ್ನಡಕ್ಕೆ ಬಂದದ್ದು. ಇಲ್ವಾ ಎಂಬ ಹುಡುಗಿ, ಒಬ್ಬ ಮುದಿ ಅಂಚೆಯವ, ಒಂದು ಬಿಳಿ ಕರಡಿ, ಮೂವರೂ ತೇಲುವ ಮಂಜುಗಡ್ಡೆಯ ಮೇಲೆ. ಹೊರಗೆ ಅಂಗಳದ ಸಿಮೆಂಟು ಕಾಲು ಸುಡುತ್ತಿತ್ತು. ಒಳಗೆ ಟೀಚರ್ ಫ್ಯಾನ್ ಆರಿಸಿ ಹೊದ್ದುಕೊಂಡು ಓದುತ್ತಿದ್ದರು.

ಕೊನೆಯ ಅಧ್ಯಾಯ ಬಾಕಿ ಇರುವಾಗ ಹನಾನಳ ಸಂದೇಶ ಬಂತು. ಅಪ್ಪ ಶಾರ್ಜಾದಿಂದ ಟಿಕೆಟು ಕಳಿಸಿದ್ದಾರೆ, ಅಮ್ಮ ಮತ್ತು ತಾನು ಇವತ್ತೇ ಹೋಗುದು, ಇನ್ನು ಶಾಲೆ ಅಲ್ಲಿಯೇ, ಪುಸ್ತಕ ಬೇಕೇ ಬೇಕು.

ಬೇರೆ ಪ್ರತಿ ತರಿಸಿದರೆ ಕಡಬಕ್ಕೆ ಬರಲು ವಾರ ಹಿಡಿಯುತ್ತದೆ. ಒಂದು ವಾರ! ಮಂಜುಗಡ್ಡೆ ಆಗಲೇ ಬಿರುಕು ಬಿಟ್ಟಿತ್ತು. ಹುಡುಗಿ ಈಚೆ ತುಂಡಿನಲ್ಲಿ, ಕರಡಿ ಆಚೆ ತುಂಡಿನಲ್ಲಿ, ಅಂಚೆಯವ ನೀರಿನಲ್ಲಿ. ಕರಡಿ ಯಾರ ಕಡೆಗೆ ಹಾರುತ್ತದೆ, ಯಾಕೆ ಹಾರುತ್ತದೆ, ಹೊಟ್ಟೆ ಹಸಿದು ಹಾರುತ್ತದೋ ಪ್ರೀತಿಗೋ, ಅದು ಗೊತ್ತಾಗದೆ ಮನುಷ್ಯರು ಅನ್ನ ತಿನ್ನುವುದಾದರೂ ಹೇಗೆ? ಟೀಚರ್ ಪುಸ್ತಕವನ್ನು ಸ್ಕೂಟರಿನ ಸೀಟಿನಡಿ ಇಟ್ಟು ಹನಾನಳ ಊರು ಆಲಂಕಾರಿಗೆ ಹಾರಿದರು.

ಹನಾನಳ ಮನೆಯ ಅಂಗಳದ ತುಂಬ ಜನ, ಪೆಟ್ಟಿಗೆ, ಹಗ್ಗ. ಗಲ್ಫಿಗೆ ಹೋಗುವವರು ಇಬ್ಬರಾದರೂ ಬೀಳ್ಕೊಡಲು ಎರಡು ವ್ಯಾನು. ಹನಾನ್ ಗದ್ದಲದಲ್ಲಿ ಎಲ್ಲೋ ಇದ್ದಳು. ಅವಳು ಕಾಣಿಸುವವರೆಗೆ ಒಂದು ಪುಟ ಓದೋಣವೆಂದು ಟೀಚರ್ ಜಗಲಿಯ ಮೂಲೆಯಲ್ಲಿ ಕುಳಿತರು. ಅಷ್ಟರಲ್ಲಿ ಹನಾನಳ ಅಜ್ಜಿ ಕುಂಞಿಪಾತುಮ್ಮ ಜನರನ್ನು ವ್ಯಾನಿಗೆ ತುಂಬಿಸುತ್ತ ಬಂದು ಅವರ ತೋಳು ಹಿಡಿದರು.

"ಹತ್ತಿ, ಹತ್ತಿ, ಹೊತ್ತಾಯ್ತು."

"ನಾನು ಹನಾನಳ ಟೀಚರ್. ಪುಸ್ತಕ ಕೊಡ್ಲಿಕ್ಕೆ ಬಂದದ್ದು."

"ಟೀಚರಾದ್ರೆ ಏರ್‌ಪೋರ್ಟಿಗೆ ಬರ್ಬಾರ್ದು ಅಂತ ಉಂಟಾ?"

ಇಲ್ಲವಲ್ಲ. ಟೀಚರ್ ಹತ್ತಿದರು.

ಹಿಂದಿನ ಸೀಟಿನಲ್ಲಿ ಅವರ ಒಂದು ಪಕ್ಕ ಅಜ್ಜಿ, ಇನ್ನೊಂದು ಪಕ್ಕ ಹನಾನಳ ಅಮ್ಮ ಜಸೀನಾ. ಮುಂದೆ ಸ್ಟಿಯರಿಂಗ್ ಹಿಡಿದ ಮಾವ ಹಿಶಾಮ್, ಅವನ ಪಕ್ಕದಲ್ಲಿ ಹೊಸ ಬೂಟು ಹಾಕಿಕೊಂಡ ಹನಾನ್. ತಿರುಗಿ ನೋಡಿದ ಹನಾನಳಿಗೆ ಮೊದಲು ಟೀಚರ್ ಕಂಡರು, ಆಮೇಲೆ ತೆರೆದ ಪುಟ ಕಂಡಿತು.

"ಅಯ್ಯೋ ಟೀಚರ್! ಹೇಳ್ಬೇಡಿ! ಕೊನೆಯ ಅಧ್ಯಾಯ ನಾನೂ ಓದ್ಲಿಲ್ಲ!"

"ನಿನ್ನದೇ ಪುಸ್ತಕ ಅಲ್ವಾ?"

"ವಿಮಾನಕ್ಕೆ ಅಂತ ಇಟ್ಟದ್ದು. ಮೇಲೆ ಹೋಗುವಾಗ ನಂಗೆ ಹೆದರಿಕೆ ಆಗ್ತದೆ. ಆಗ ಓದುದು. ಓದ್ತಾ ಇದ್ರೆ ಕೆಳಗೆ ನೋಡ್ಬೇಕಂತ ಇಲ್ಲ."

"ನಾನು ಬಾಯಿ ಬಿಡುದಿಲ್ಲ, ಆಯ್ತಾ? ಮಂಗಳೂರು ಮುಟ್ಟುವಾಗ ಪುಸ್ತಕ ನಿನ್ನ ಕೈಯಲ್ಲಿ."

ವ್ಯಾನು ಹೊರಟಿತು. ಟೀಚರ್ ಬಾಯಿ ಬಿಡಲಿಲ್ಲ. ಆದರೆ ಮುಖ ಅವರ ಮಾತು ಕೇಳಲಿಲ್ಲ.

"ಎಂತ ಟೀಚರೇ, ಯಾರಾದ್ರೂ ಸತ್ರಾ?" ಅಂದರು ಕುಂಞಿಪಾತುಮ್ಮ.

"ಉಮ್ಮಮ್ಮ! ಕೇಳ್ಬೇಡಿ!" ಹನಾನ್ ಕಿವಿ ಮುಚ್ಚಿದಳು.

"ನಾನು ಕೇಳಿದ್ದು ಟೀಚರ ಹತ್ರ. ರಟ್ಟಿನ ಮೇಲಿದ್ದ ಈ ಕರಡಿ ತಿಂದಿತಾ?"

"ಟೀಚರ್, ಮುಖ ಮುಚ್ಚಿ ಓದಿ!"

ಟೀಚರ್ ತಲೆಯ ಮೇಲೆ ಶಾಲು ಎಳೆದುಕೊಂಡು ಪುಸ್ತಕದೊಂದಿಗೆ ಒಳಗೆ ಸೇರಿದರು. ಶಾಲಿನೊಳಗೆ ಅಂಚೆಯವ ಕಾಗದದ ಚೀಲವನ್ನು ತೆಪ್ಪ ಮಾಡಿಕೊಂಡು ತೇಲುತ್ತಿದ್ದ. ಶಾಲಿನ ಹೊರಗೆ ಶಾಂತಿಮೊಗರು ದಾಟಿತು, ಸವಣೂರು ದಾಟಿತು. ಹಿಶಾಮ್ ತಿರುವುಗಳಲ್ಲಿ ಸ್ಟಿಯರಿಂಗನ್ನು ಕೋಪ ಬಂದವನ ಹಾಗೆ ತಿರುಗಿಸುತ್ತಿದ್ದ. ಪುತ್ತೂರು ಬರುವ ಮೊದಲೇ ಅಕ್ಷರಗಳು ಒಂದರ ಮೇಲೊಂದು ಹತ್ತಲು ಶುರುವಾದವು. ಶಾಲಿನಿಂದ ಹಸಿರು ಮುಖವೊಂದು ಹೊರಬಂತು.

"ನಿಲ್ಸು ಹಿಶಾಮ್, ಟೀಚರಿಗೆ ಕರಡಿ ಆಗಿ ಬರ್ಲಿಲ್ಲ," ಅಂದರು ಅಜ್ಜಿ.

ಜಸೀನಾ ಒಂದು ಲಿಂಬೆಹಣ್ಣು ಕೊಟ್ಟು ಮೂಸಲು ಹೇಳಿದಳು. ರಸ್ತೆ ಬದಿ ನಿಂತು ಮೂಸುತ್ತಿದ್ದಾಗ ದೇವಕಿಯವರ ಫೋನು.

"ಹಪ್ಪಳಕ್ಕೆ ಹಲಸಿನಕಾಯಿ ಬೇಯಿಸಿ ಆಯ್ತು. ನೀನು ಎಲ್ಲಿ ಸತ್ತದ್ದು?"

"ಪುತ್ತೂರಿನ ಹತ್ರ ಅಮ್ಮ. ಶಾರ್ಜಾಕ್ಕೆ ಹೋಗುವವರ ಒಟ್ಟಿಗೆ."

ಆಚೆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ದೇವಕಿ ಮೆಲ್ಲಗೆ ಕೇಳಿದರು: "ಪಾಸ್‌ಪೋರ್ಟು?"

ಮಾಣಿ ಪೇಟೆ ದಾಟಿದ ಮೇಲೆ ರಸ್ತೆ ನೇರವಾಯಿತು, ಅಕ್ಷರಗಳೂ ನೇರವಾದವು. ಅಂಚೆಯವ ದಡ ಸೇರಿದ. ಹುಡುಗಿ ಇಲ್ವಾ ನಿಂತಿದ್ದ ತುಂಡು ಮೊರದಷ್ಟು ಚಿಕ್ಕದಾಯಿತು. ಕರಡಿ ಹಿಂಗಾಲು ಮಡಚಿತು. ಇನ್ನು ಎರಡೇ ಪುಟ. ಆಗ ವ್ಯಾನು ನಿಂತಿತು, ಬಾಗಿಲು ತೆರೆಯಿತು, ಶಾಲಿನೊಳಗೆ ಹನಾನಳ ಕೈ ಬಂತು.

"ಕೊಡಿ ಟೀಚರ್. ಏರ್‌ಪೋರ್ಟು."

ಕರಡಿ ಇನ್ನೂ ಹಾರಿರಲಿಲ್ಲ. ಆದರೂ ಕೊಟ್ಟ ಮಾತು ಮಾತೇ. ಟೀಚರ್ ಪುಸ್ತಕ ಕೊಟ್ಟರು. "ಚೆನ್ನಾಗಿ ಓದು," ಎಂದರು. ಅದು ಪುಸ್ತಕಕ್ಕೋ ಹೊಸ ಶಾಲೆಗೋ ಅವರಿಗೇ ಗೊತ್ತಾಗಲಿಲ್ಲ. ಹನಾನ್ ಎಲ್ಲರನ್ನೂ ತಬ್ಬಿಕೊಂಡಳು, ಟೀಚರನ್ನು ತಬ್ಬುವಾಗ ಅವರ ಮುಖವನ್ನೊಮ್ಮೆ ಸಂಶಯದಿಂದ ನೋಡಿದಳು.

"ಮುಗೀಲಿಲ್ವಾ?"

"ಎರಡು ಪುಟ. ಸಾರ ಇಲ್ಲ, ಬಿಡು ಮಾರಾಯ್ತಿ. ಹೋಗು, ಹೊತ್ತಾಯ್ತು."

ಗಾಜಿನ ಬಾಗಿಲು ಅಮ್ಮ ಮಗಳನ್ನು ನುಂಗಿತು. ಇತ್ತ ಎರಡು ವ್ಯಾನಿನ ಜನ ಗಾಜಿಗೆ ಮೂಗು ಒತ್ತಿ ನಿಂತರು. ಫೋನಿನಲ್ಲಿ ಆ ಎರಡು ಪುಟದ ಫೋಟೋ ತೆಗೆಯಬಹುದಿತ್ತಲ್ಲ ಎಂದು ಮನೆಗೆ ಬಂದ ಮೇಲೆ ಎಲ್ಲರೂ ಹೇಳಿದರು. ಆ ಹೊತ್ತಿಗೆ ಒಬ್ಬರಿಗೂ ಹೊಳೆಯಲಿಲ್ಲ.

ಒಳಗೆ ಜಸೀನಾ ಸಾಲಿನಲ್ಲಿ ನಿಂತಳು. ಹನಾನ್ ನಿಲ್ಲಲಿಲ್ಲ. ಟ್ರಾಲಿಯ ಪೆಟ್ಟಿಗೆಗಳ ಮೇಲೆ ಹತ್ತಿ ಕುಳಿತು, ಪುಸ್ತಕ ತೆರೆದು, ಬೆರಳಿಟ್ಟು ಓದತೊಡಗಿದಳು.

"ಅದು ವಿಮಾನಕ್ಕೆ ಅಂತ ಇಟ್ಟದ್ದಲ್ವಾ?" ಅಂದ ಹಿಶಾಮ್.

ಟೀಚರ್ ಗಾಜನ್ನು ಶಾಲಿನಿಂದ ಒರೆಸಿದರು.

ಹನಾನ್ ಪುಸ್ತಕ ಮುಚ್ಚಿದಳು. ಟ್ರಾಲಿಯಿಂದ ಇಳಿದು ಗಾಜಿನ ಹತ್ತಿರ ಓಡಿಬಂದು, ಎರಡೂ ಕೈ ಎತ್ತಿ ಉಗುರು ತೋರಿಸಿದಳು. ಕರಡಿ! ಆಮೇಲೆ ಹೊಸ ಬೂಟಿನಲ್ಲಿ ಒಂದು ದೊಡ್ಡ ಹಾರು ಹಾರಿ, ಕೈ ಅಗಲಿಸಿ ಗಾಳಿಯನ್ನು ತಬ್ಬಿಕೊಂಡಳು.

"ತಿಂದಿತು," ಅಂದರು ಕುಂಞಿಪಾತುಮ್ಮ.

"ತಬ್ಬಿದ್ದು ಉಮ್ಮ!" ಅಂದ ಹಿಶಾಮ್ ತಾಯಿಗೆ.

"ತಿನ್ಲಿಕ್ಕೆ ಮೊದ್ಲು ತಬ್ತದೆ."

ಟೀಚರಿಗೆ ತಡೆಯಲಾಗಲಿಲ್ಲ. ಅವರೂ ಕೈ ಎತ್ತಿ ಉಗುರು ಮಾಡಿದರು, ಬಾಯಿ ಅಗಲಿಸಿ ಜಗಿದು ತೋರಿಸಿದರು, ಹುಬ್ಬೆತ್ತಿ ಕೇಳಿದರು: ಹೀಗಾ? ಹನಾನ್ ಜಡೆ ಬಿಚ್ಚಿಹೋಗುವಷ್ಟು ತಲೆ ಅಲ್ಲಾಡಿಸಿದಳು. ಅಲ್ಲ! ನೆಲದ ಮೇಲೆ ನಾಲ್ಕು ಕಾಲಾಗಿ, ಬೆನ್ನು ತಟ್ಟಿ ತೋರಿಸಿ, ಈಜುತ್ತ ಈಜುತ್ತ ಪೆಟ್ಟಿಗೆಗಳ ನಡುವೆ ಹೋದಳು. ಬೆನ್ನ ಮೇಲೆ ಹುಡುಗಿ! ಕರಡಿ ಹುಡುಗಿಯನ್ನು ಹೊತ್ತು ಈಜಿತು! ಟೀಚರ್ ಕಿರುಚಿದರು. ಎರಡು ವ್ಯಾನಿನ ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು. ದಡಕ್ಕಾ, ಎಂದು ಕೇಳಲು ಟೀಚರ್ ಕಾರ್ಪೊರೇಷನ್ ನೀರಿನ ಟ್ಯಾಂಕಿನಷ್ಟು ಕೈ ಅಗಲಿಸಿ ಅಲೆ ಮಾಡಿ, ಮಂಡಿಯೂರಿ ದಡ ಮಾಡಿದರು. ದಡಕ್ಕೇ, ಎಂದು ಹನಾನ್ ಒಳಗಿನಿಂದ ಮಂಡಿಯೂರಿದಳು.

ಬಂದೂಕಿನ ಕಾವಲುಗಾರ ನಿಧಾನವಾಗಿ ಹತ್ತಿರ ಬಂದು, ನೆಲದ ಮೇಲಿದ್ದ ಹೆಂಗಸನ್ನು ನೋಡಿ, ಕುಂಞಿಪಾತುಮ್ಮನವರನ್ನು ವಿಚಾರಿಸಿದ. "ಯಾರು ಇವರು?"

"ಹೈಸ್ಕೂಲು ಟೀಚರ್," ಅಂದರು ಕುಂಞಿಪಾತುಮ್ಮ. "ಸ್ವಲ್ಪ ನಿಲ್ಲಿ. ಪಾಠ ನಡೀತಾ ಉಂಟು."